ಒಂಬತ್ತು ನಿಮಿಷದ ಕಡಲು

ಪಾರೆಕುದ್ರುವಿನ ವಿಮಾನ ನಿಲ್ದಾಣವೆಂದರೆ ಒಂದು ತಗಡಿನ ಮಾಡು, ಅದರ ಕೆಳಗೆ ಒಂದು ಕಲ್ಲುಬೆಂಚು, ಎದುರಿಗೆ ಒಂದು ಹಲಗೆ. ಹಲಗೆಯ ಮೇಲೆ ಹೀಗೆ ಬರೆದಿತ್ತು: "ಹಿರೇಗಡಕ್ಕೆ ದೂರ ಎಪ್ಪತ್ತು ಕಿಲೋಮೀಟರು. ಪ್ರಯಾಣದ ಅವಧಿ ಒಂಬತ್ತು ನಿಮಿಷ."

ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳಲ್ಲ. ಸುಳ್ಳಾಗಿದ್ದರೆ ಯಾರಾದರೊಬ್ಬರು ಜೈಲಿಗೆ ಹೋಗುತ್ತಿದ್ದರು. ಕಾನೂನಿನ ಕೈಗೆ ಸಿಗದ ಹಾಗೆ ಮನುಷ್ಯರನ್ನು ಕೊಲ್ಲಬೇಕಾದರೆ ಸುಳ್ಳು ಹೇಳಬಾರದು, ಗಡಿಯಾರವನ್ನು ಎಲ್ಲಿ ಇಡಬೇಕೆಂದು ತಿಳಿದಿರಬೇಕು. ಅದು ವಿಮಾನ ನಡೆಸುವವರಿಗೆ ತಿಳಿದಿತ್ತು.

ಕಡಲು ಏರಿ ಕುಂದಾಪುರದ ಆಚೀಚೆಯ ಊರುಗಳು ಮುಳುಗಿದ ಮೇಲೆ, ಸಮುದ್ರದ ನಡುವೆ ಹೂಳೆತ್ತಿ ಎರಡು ದ್ವೀಪಗಳನ್ನು ಕಟ್ಟಿದರು. ಹಿರೇಗಡದಲ್ಲಿ ಕಚೇರಿಗಳು, ಕಾಲೇಜು, ದೊಡ್ಡ ಆಸ್ಪತ್ರೆ. ಪಾರೆಕುದ್ರುವಿನಲ್ಲಿ ಮೀನುಗಾರರು. ಮುಳುಗುವ ಊರಿನಿಂದ ಅಮ್ಮನವರ ಕಲ್ಲಿನ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ತಂದು ಪಾರೆಕುದ್ರುವಿನ ಪಡುವಣ ತುದಿಯಲ್ಲಿ ಗುಡಿ ಕಟ್ಟಿದವನು ವಾಮನ ಮೊಗವೀರ. ಬೆಳಗಿನ ಪೂಜೆ ಅವನದು. ಸಂಜೆಯ ದೀಪ ಅವನ ಮಗಳು ಸುಲೋಚನೆಯದು. ಅವಳ ಗಂಡ ಆಳಸಮುದ್ರದ ಬೋಟಿನಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ.

ಹೊತ್ತನ್ನು ನಿಧಾನಗೊಳಿಸುವ ಮಂದಕೋಶವೆಂಬ ಪೆಟ್ಟಿಗೆಯನ್ನು ಮೊದಲು ಮಾಡಿದ್ದು ಮನುಷ್ಯರಿಗಾಗಿ ಅಲ್ಲ, ಮೀನಿಗಾಗಿ. ಹಿರೇಗಡದ ಪ್ರಯೋಗಾಲಯದಲ್ಲಿ ಫಣಿರಾಜ ಐತಾಳರೆಂಬ ವಿಜ್ಞಾನಿ ಒಂದು ಪೆಟ್ಟಿಗೆಯ ಗೋಡೆಯೊಳಗೆ ತಂತಿಯ ಸುರುಳಿಗಳನ್ನು ಸುತ್ತಿ, ಅದರಲ್ಲಿ ಒಂದು ಬಗೆಯ ವಿದ್ಯುತ್ತನ್ನು ಹರಿಸಿದರು. ಆಗ ಪೆಟ್ಟಿಗೆಯ ಒಳಗೆ ಎಲ್ಲವೂ ಒಂದೇ ಪ್ರಮಾಣದಲ್ಲಿ ನಿಧಾನವಾಗುತ್ತಿತ್ತು. ಗಡಿಯಾರದ ಮುಳ್ಳು, ರಕ್ತದ ಹರಿವು, ಕೊಳೆಯುವಿಕೆ, ಯೋಚನೆ ಎಲ್ಲವೂ. ಎಲ್ಲವೂ ಒಟ್ಟಿಗೆ ನಿಧಾನವಾದ್ದರಿಂದ ಒಳಗಿದ್ದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪ್ರಯೋಗಕ್ಕೆ ಮೀನು ಕೊಟ್ಟವನು ವಾಮನನೇ. ಮೂರು ದಿನದ ಮೇಲೆ ಐತಾಳರು ಅವನನ್ನು ಕರೆದು ಪೆಟ್ಟಿಗೆ ತೆರೆದಾಗ ಬಂಗುಡೆಯ ಕಿವಿರು ಇನ್ನೂ ಆಡುತ್ತಿತ್ತು.

ವಾಮನ ಕೈಮುಗಿದು ನಕ್ಕಿದ್ದ. "ಇದಕ್ಕೆ ಸಾಯುಕೆ ಪುರ್ಸೊತ್ತೇ ಸಿಕ್ಕಿಲ್ಲ, ಐತಾಳ್ರೆ."

"ಮಂಜುಗಡ್ಡೆಯ ಖರ್ಚು ಉಳಿಯಿತು ನಿಮಗೆ" ಎಂದು ಐತಾಳರೂ ನಕ್ಕಿದ್ದರು. ಅವರು ಒಳ್ಳೆಯ ಮನುಷ್ಯರು. ಈ ಕಥೆಯಲ್ಲಿ ಕೆಟ್ಟ ಮನುಷ್ಯರು ಯಾರೂ ಇಲ್ಲ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ಮೀನಿನ ಪೆಟ್ಟಿಗೆಯನ್ನು ಸಮೀಪಯಾನ ಸಂಸ್ಥೆಯವರು ಕೊಂಡರು, ದೊಡ್ಡದು ಮಾಡಿದರು, ಅದಕ್ಕೆ ಮೆತ್ತನೆಯ ಕುರ್ಚಿಗಳನ್ನು ಹಾಕಿ ತಮ್ಮ ವಿಮಾನಕ್ಕೆ ಜೋಡಿಸಿದರು. ಅವರ ವಿಮಾನವೆಂದರೆ ಹಗುರ ಅನಿಲ ತುಂಬಿದ ದೊಡ್ಡ ಹೊಟ್ಟೆಯದು. ಬಿಸಿಲಿನಿಂದ ಓಡುವ ಪುಟ್ಟ ಯಂತ್ರ, ಒಳಗೆ ಚಾಲಕನಿಲ್ಲ, ಹಿರೇಗಡದ ನಿಯಂತ್ರಣ ಕೊಠಡಿಯಿಂದಲೇ ನಡೆಸುವುದು. ಎಪ್ಪತ್ತು ಕಿಲೋಮೀಟರು ದಾಟಲು ಒಂದು ಗಂಟೆ ಹಿಡಿಯುತ್ತಿತ್ತು. ಆದರೆ ಒಳಗೆ ಕುಳಿತವರಿಗೆ ಒಂಬತ್ತೇ ನಿಮಿಷ. ಆಮೇಲೆ ಸರಕಾರದವರು ಕಾನೂನಿನಲ್ಲಿ ಒಂದು ಸಾಲು ಬರೆದರು: ಪ್ರಯಾಣದ ಅವಧಿ ಎಂದರೆ ಪ್ರಯಾಣಿಕನು ಅನುಭವಿಸಿದ ಅವಧಿ.

ಮೊದಮೊದಲು ಎಲ್ಲರಿಗೂ ಅದು ತಮಾಷೆಯಾಗಿತ್ತು. ಹಿರೇಗಡದ ಗುಮಾಸ್ತರು ರಾಹುಕಾಲ ಶುರುವಾಗುವಾಗ ವಿಮಾನ ಹತ್ತುತ್ತಿದ್ದರು. ಪಾರೆಕುದ್ರುವಿಗೆ ಬಂದು ಮೀನು ಕೊಂಡು ಹಿಂದಿರುಗುವಷ್ಟರಲ್ಲಿ ರಾಹುಕಾಲ ಮುಗಿದಿರುತ್ತಿತ್ತು. ಏಕಾದಶಿಯ ದಿನ ಹಸಿವು ತಡೆಯಲಾರದೆ ಹೋಗಿ ಬಂದು ಮಾಡುವವರೂ ಇದ್ದರು.

"ಅವ್ರ ಉಪಾಸ ಅಮ್ಮನ ಲೆಕ್ಕಕ್ಕೆ ಒಂಬತ್ತೇ ನಿಮಿಷ" ಎಂದು ಸುಲೋಚನೆ ಗುಡಿಯ ಮೆಟ್ಟಿಲ ಮೇಲೆ ಕುಳಿತು ಬತ್ತಿ ಹೊಸೆಯುತ್ತ ಹೇಳುತ್ತಿದ್ದಳು. "ಪುಣ್ಯವೂ ಅಷ್ಟೇ ಸಿಕ್ಕುದ್, ಕಾಣಿ."

ಹಿರೇಗಡದವರಿಗೆ ಹೊರಗಿನ ಒಂದು ಗಂಟೆಯ ನೆನಪೇ ಉಳಿಯಲಿಲ್ಲ. ಯಾಕೆಂದರೆ ಅಲ್ಲಿನ ನಿಲ್ದಾಣದಲ್ಲಿ ವಿಮಾನ ಕಾಯುವ ಕೋಣೆಯ ಗೋಡೆಗೂ ಅದೇ ಸುರುಳಿಗಳನ್ನು ಸುತ್ತಿದ್ದರು. ಅಲ್ಲಿ ಪ್ರಯಾಣಿಸುವವರಿಗೂ ಒಂಬತ್ತು ನಿಮಿಷ, ಕಾಯುವವರಿಗೂ ಒಂಬತ್ತು ನಿಮಿಷ. ಪಾರೆಕುದ್ರುವಿಗೆ ತಗಡಿನ ಮಾಡು ಸಾಕೆಂದರು.

ಇನ್ನೊಂದು ನಿಯಮವೂ ಇತ್ತು. ದೊಡ್ಡ ಆಸ್ಪತ್ರೆಯಿಂದ ಹದಿನೈದು ನಿಮಿಷದ ಪ್ರಯಾಣದೊಳಗಿರುವ ಊರಿಗೆ ಬೇರೆ ಆಸ್ಪತ್ರೆ ಬೇಕಿಲ್ಲ. ದೀಪಾವಳಿ ಕಳೆದ ವಾರ ಪಾರೆಕುದ್ರುವಿನ ಆರೋಗ್ಯ ಕೇಂದ್ರಕ್ಕೆ ಬೀಗ ಬಿತ್ತು. ನರ್ಸಮ್ಮ ಅಳುತ್ತ ವಿಮಾನ ಹತ್ತಿದಳು. ಅವಳ ಫ್ರಿಜ್ಜನ್ನೂ ಅದರಲ್ಲಿದ್ದ ಮದ್ದಿನ ಬಾಟಲಿಗಳನ್ನೂ ಹಿರೇಗಡಕ್ಕೆ ಒಯ್ದರು. ಊರವರು ಗೊಣಗಿದರು. ಆದರೂ ಕರೆದ ಒಂದು ಗಂಟೆಯೊಳಗೆ ವಿಮಾನ ಬರುತ್ತದೆ, ಒಳಗೆ ಹತ್ತಿಸಿಬಿಟ್ಟರೆ ರೋಗವೂ ನಿಧಾನವಾಗುತ್ತದೆ, ದೋಣಿಯಲ್ಲಾದರೆ ಎರಡೂವರೆ ಗಂಟೆ ಎಂದುಕೊಂಡು ಸುಮ್ಮನಾದರು.

ಮಾಘ ಮಾಸದಲ್ಲಿ ಸಂಸ್ಥೆಯವರು ವಿಮಾನದ ವೇಗವನ್ನು ಕಾಲು ಭಾಗಕ್ಕೆ ಇಳಿಸಿದರು. ನಿಧಾನವಾಗಿ ಹೋದರೆ ಯಂತ್ರ ಸವೆಯುವುದಿಲ್ಲ, ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಅದಕ್ಕೆ ಸರಿಯಾಗಿ ಸುರುಳಿಗಳ ಬಲವನ್ನು ಹೆಚ್ಚಿಸಿದರು. ಒಂದು ಗಂಟೆಯ ದಾರಿ ನಾಲ್ಕು ಗಂಟೆಯಾಯಿತು, ಒಳಗೆ ಮಾತ್ರ ಅದೇ ಒಂಬತ್ತು ನಿಮಿಷ. ಪ್ರಯಾಣದ ಅವಧಿಯಲ್ಲಿ ಬದಲಾವಣೆ ಇಲ್ಲದ್ದರಿಂದ ಯಾರಿಗೂ ತಿಳಿಸಬೇಕಾಗಿಲ್ಲವೆಂದು ನಿಯಂತ್ರಣ ಕೊಠಡಿಗೆ ಸುತ್ತೋಲೆ ಬಂತು.

ಅದಾದ ಮೇಲೆ ಊರಿನಲ್ಲಿ ಇನ್ನೂ ಯಾರೂ ವಿಮಾನ ಕರೆದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ದಡದಲ್ಲಿ ಬಲೆ ಬಿಡಿಸುತ್ತಿದ್ದ ಸುಲೋಚನೆ "ಹಾ" ಎಂದು ಕೈ ಹಿಂದೆಳೆದಳು. ಬೆರಳಿಗೆ ಮುಳ್ಳು ಚುಚ್ಚಿದಷ್ಟೇ ನೋವು. ಬಲೆಯ ಕಣ್ಣಿನೊಳಗೆ ಚಪ್ಪಟೆ ಬಾಲದ ಕಡಲ ಹಾವು ಸುತ್ತಿಕೊಂಡಿತ್ತು.

"ಎಂತ ಇಲ್ಲ ಅಪ್ಪಯ್ಯ, ಕಚ್ಚದ್ದೋ ಇಲ್ಯೋ ಗೊತ್ತಾತಿಲ್ಲ" ಎಂದಳು. ಆದರೆ ವಾಮನನ ಮುಖ ಬಿಳಿಚಿತು. ಕಡಲ ಹಾವು ಕಚ್ಚಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಮೈ ಬಿಗಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ, ಕೊನೆಗೆ ಉಸಿರಾಡುವ ಶಕ್ತಿಯೇ ಹೋಗುತ್ತದೆ ಎಂದು ಅವನು ಬಲ್ಲ. ಅವಳನ್ನು ಕೂಡಲೇ ನಿಲ್ದಾಣಕ್ಕೆ ಹೊತ್ತು ತಂದರು. ಕಂಬದ ಮೇಲಿನ ಗುಂಡಿ ಒತ್ತಿದರೆ ನಿಯಂತ್ರಣ ಕೊಠಡಿ ಮಾತಾಡುತ್ತದೆ.

"ಹಿರೇಗಡ ನಿಯಂತ್ರಣ ಕೊಠಡಿ, ಈರಣ್ಣ ಬಳಿಗಾರ. ಹೇಳ್ರಿ."

"ನನ್ ಮಗಳಿಗೆ ಕಡಲ ಹಾವು ಕಚ್ಚಿತ್ತ್. ವಿಮಾನ ಕಳ್ಸಿ, ಬೇಗ."

"ಈಗ ಬಿಟ್ಟೀನ್ರಿ ಅಜ್ಜಾರ. ಒಂಬತ್ತು ನಿಮಿಷ ಅದ."

ವಾಮನನ ಜೊತೆ ದೋಣಿಯಲ್ಲಿ ದುಡಿಯುವ ಭಾಸ್ಕರ ಪಕ್ಕದಲ್ಲೇ ನಿಂತಿದ್ದ. "ಅಣ್ಣ, ದೋಣಿ ತೆಗಿಲಾ? ಎಣ್ಣೆ ತುಂಬ್ಸಿ ಇಟ್ಟಿದೆ."

ವಾಮನ ಲೆಕ್ಕ ಹಾಕಿದ. ದೋಣಿಗೆ ಎರಡೂವರೆ ಗಂಟೆ. ಅವರ ಒಂಬತ್ತು ನಿಮಿಷವೆಂದರೆ ನಮ್ಮ ಒಂದು ಗಂಟೆ. "ಬ್ಯಾಡ. ಕಾಂಬ" ಎಂದ. ಅಲ್ಲಿದ್ದವರೆಲ್ಲ ಹೌದೆಂದರು. ಬುದ್ಧಿಯುಳ್ಳ ಯಾರಾದರೂ ಹೌದೆನ್ನುತ್ತಿದ್ದರು.

ಒಂದು ಗಂಟೆ ಕಳೆಯಿತು. ಮೂಡಣ ಆಕಾಶದಲ್ಲಿ ಏನೂ ಕಾಣಲಿಲ್ಲ. ಸುಲೋಚನೆಗೆ ತೊಡೆ ನೋಯತೊಡಗಿತು, ನಾಲಿಗೆ ದಪ್ಪವಾಯಿತು. ವಾಮನ ಮತ್ತೆ ಗುಂಡಿ ಒತ್ತಿದ.

"ಏಳು ನಿಮಿಷ ಅದರಿ."

"ಒಂದು ಗಂಟೆ ಆಯ್ತ್ ಮಾರಾಯ! ಎಲ್ಲಿತ್ತ್ ನಿಮ್ ವಿಮಾನ?"

ಆ ಕಡೆ ಈರಣ್ಣ ಕುಳಿತಿದ್ದ ಕೊಠಡಿಯ ಪರದೆಯ ಮೇಲೆ ಕಡಲಿನ ನಕ್ಷೆ ಇತ್ತು, ಅದರಲ್ಲಿ ವಿಮಾನದ ಚುಕ್ಕಿ ಇತ್ತು. ಚುಕ್ಕಿ ಹೊರಟಲ್ಲಿಂದ ಬಹಳ ದೂರ ಬಂದಿರಲಿಲ್ಲ. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಏಳು ಎಂದಿತ್ತು. ದಪ್ಪ ಅಕ್ಷರದಲ್ಲಿರುವುದನ್ನು ಬಿಟ್ಟು ಬೇರೆ ಹೇಳಿದವನನ್ನು ಆ ದಿನವೇ ಮನೆಗೆ ಕಳುಹಿಸುತ್ತಿದ್ದರು, ಮಾತೆಲ್ಲ ದಾಖಲಾಗುತ್ತಿತ್ತು. ಈರಣ್ಣ ಆ ಕೆಲಸಕ್ಕೆ ಹೊಸಬ. ಮಲಪ್ರಭೆಯ ದಡದ ಊರಿನಿಂದ ಇಷ್ಟು ದೂರ ಬಂದು ಹೆಂಡತಿ ಮಕ್ಕಳನ್ನು ಸಾಕುತ್ತಿದ್ದವನು.

"ಬರಾಕತ್ತೈತ್ರಿ ಅಜ್ಜಾರ" ಎಂದ. "ಏಳು ನಿಮಿಷ."

ಈಗ ದೋಣಿ ತೆಗೆದರೆ ಇನ್ನೂ ಎರಡೂವರೆ ಗಂಟೆ. ವಿಮಾನ ಇನ್ನೇನು ಬಂದೇಬಿಡುತ್ತದೆ. ಕಾದರು. ಆ ಬೆಂಚಿನ ಮೇಲೆ ಪ್ರತಿ ಸಲವೂ ಕಾಯುವುದೇ ಜಾಣತನವಾಗಿ ಕಂಡಿತು. ಬಲೆಗೆ ಬಿದ್ದ ಮೀನಿಗೆ ಬಲೆಯ ಮುಂದಿನ ಕಣ್ಣೇ ದಾರಿಯಾಗಿ ಕಾಣುವ ಹಾಗೆ.

ಸುಲೋಚನೆಯ ರೆಪ್ಪೆಗಳು ಜೋತುಬಿದ್ದವು. ಅವಳಿಗೆ ಹಲಗೆ ಕಾಣುತ್ತಿರಲಿಲ್ಲ, ಆಕಾಶವೂ ಕಾಣುತ್ತಿರಲಿಲ್ಲ. "ಎಷ್ಟಿತ್ತ್ ಅಪ್ಪಯ್ಯ?" ಎಂದು ತೊದಲಿದಳು.

"ಐದು ನಿಮಿಷ, ಮಗಾ."

ಬಹಳ ಹೊತ್ತಿನ ಮೇಲೆ ಮತ್ತೆ ಕೇಳಿದಳು. "ಎಷ್ಟ್?"

"ಮೂರೇ ನಿಮಿಷ. ಬಂತ್ ಕಾಣ್."

ಅವಳ ತುಟಿಯಲ್ಲಿ ಸ್ವಲ್ಪ ನಗೆ ಬಂದಂತಿತ್ತು. "ದೀಪ…" ಎಂದಳು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ.

ವಿಮಾನ ಕಂಡಿತು. ಕಂಡ ಮೇಲೂ ಬರಲಿಲ್ಲ. ಕಡಲಿನ ಮೇಲೆ ಯಾರೋ ತೂಗುಹಾಕಿ ಮರೆತುಹೋದ ಹಾಗೆ ಬೆಳ್ಳಗೆ ನಿಂತೇ ಇತ್ತು. ಹೆಂಗಸರು ಸೆರಗು ಬೀಸಿ ಕರೆದರು, ಭಾಸ್ಕರ ಕಲ್ಲೆತ್ತಿ ಅದರತ್ತ ಎಸೆದ. ಅದು ನಿಂತಲ್ಲೇ ನಿಂತಿದ್ದಾಗ ಸುಲೋಚನೆಯ ಉಸಿರು ನಿಂತಿತು. ಭಾಸ್ಕರ ಅವಳ ಬಾಯಿಗೆ ಬಾಯಿಟ್ಟು ಊದಿದ, ಊದಿ ಊದಿ ತಾನೇ ತಲೆಸುತ್ತಿ ಬಿದ್ದ. ವಿಮಾನ ಇಳಿದು ಬಾಗಿಲು ತೆರೆಯಿತು. ಒಳಗಿನಿಂದ ತಣ್ಣನೆಯ ಗಾಳಿಯೂ ಒಂದು ಹೆಣ್ಣಿನ ದನಿಯೂ ಬಂದವು: "ಸಮೀಪಯಾನಕ್ಕೆ ಸ್ವಾಗತ. ನಿಮ್ಮ ಪ್ರಯಾಣದ ಅವಧಿ ಒಂಬತ್ತು ನಿಮಿಷ."

ಬೆಂಚಿನಿಂದ ಆ ಬಾಗಿಲಿಗೆ ಎಂಟು ಹತ್ತು ಮಾರು. ಜೀವವಿರುವಾಗ ಅಷ್ಟು ದಾಟಿದ್ದರೆ ಸಾವು ಅವಳನ್ನು ಮುಟ್ಟುತ್ತಿರಲಿಲ್ಲ. ಸಾಯುಕೆ ಪುರ್ಸೊತ್ತು ಸಿಗುತ್ತಿರಲಿಲ್ಲ.

ವಾಮನ ದೇವಿಯನ್ನು ಬೈಯಲಿಲ್ಲ. ಮಗಳ ಕರ್ಮ ಮುಗಿದ ಮೇಲೆ ಗುಡಿಯ ಬಾಗಿಲು ತೆರೆದು ಎಂದಿನಂತೆ ಪೂಜೆ ಮಾಡಿದ. "ಅಮ್ಮ ನಾಲ್ಕು ಗಂಟೆಯನ್ನ ನಾಲ್ಕು ಗಂಟೆಯಾಗೇ ಕೊಟ್ಟಿದ್ಲ್" ಎಂದು ಭಾಸ್ಕರನಿಗೆ ಹೇಳಿದ. "ಅದನ್ನ ಕದ್ದವ್ರ್ ಮನುಷ್ಯರ್." ಸಂಜೆ ದೀಪ ಹಚ್ಚಲು ಮಾತ್ರ ಅವನ ಕೈ ಏಳಲಿಲ್ಲ. ಅದನ್ನು ಭಾಸ್ಕರನ ಹೆಂಡತಿ ಹಚ್ಚತೊಡಗಿದಳು.

ಊರವರು ಅರ್ಜಿ ಕಳುಹಿಸಿದರು. ಕೇಳಿದ್ದು ಒಂದೇ: ಹಲಗೆಯ ಮೇಲೆ ಹೊರಗಿನ ಅವಧಿ ಬರೆಯಿರಿ. ಅದೊಂದು ಸಂಖ್ಯೆ ಬದಲಾದರೆ ಹದಿನೈದು ನಿಮಿಷದ ನಿಯಮದ ಪ್ರಕಾರ ಆರೋಗ್ಯ ಕೇಂದ್ರ ತಾನಾಗಿ ತೆರೆಯಬೇಕಾಗುತ್ತದೆ. ಅದು ಗೊತ್ತಿದ್ದೇ ಸಂಸ್ಥೆಯವರು ಉತ್ತರ ಬರೆದರು: ವಿಮಾನವು ಕರೆ ಬಂದ ಕೂಡಲೇ ಹೊರಟು ಒಂಬತ್ತು ನಿಮಿಷದಲ್ಲಿ ತಲುಪಿದೆ, ರೋಗಿಯ ಸಾವಿಗೆ ವಿಳಂಬ ಕಾರಣವಲ್ಲ. ಊರವರು ಬಿಡಲಿಲ್ಲ. ಸರಕಾರ ಇಬ್ಬರ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಸುಹಾಸಿನಿ ಉಡುಪ ಎಂಬ ಹಿರಿಯ ಅಧಿಕಾರಿ, ಜೊತೆಗೆ ತಜ್ಞರಾಗಿ ಐತಾಳರು.

ಅವರು ಬೆಳಿಗ್ಗೆ ವಿಮಾನದಿಂದ ಇಳಿದಾಗ ಉಡುಪರ ಸೀರೆಯ ಮಡಿಕೆ ಕೂಡ ಹಾಳಾಗಿರಲಿಲ್ಲ. ಇನ್ನೊಂದು ಸರದಿ ಇದೆಯೆಂದು ಆ ವಿಮಾನ ಕೂಡಲೇ ಹಿಂದಿರುಗಿತು; ಕರೆದಾಗ ಹಿರೇಗಡದಿಂದ ಬೇರೊಂದು ಬರುವುದಿತ್ತು. ಉಡುಪರು ಎಲ್ಲ ಮೊದಲೇ ಓದಿಕೊಂಡು ಬಂದಿದ್ದರು. ತಗಡಿನ ಮಾಡಿನ ಕೆಳಗೆ ಊರವರನ್ನು ಒಬ್ಬೊಬ್ಬರನ್ನಾಗಿ ತಾಳ್ಮೆಯಿಂದ ಕೇಳಿದರು. ನಾಲ್ಕು ಗಂಟೆ ಎಂದವರಿಗೆಲ್ಲ "ಅದು ನಿಮಗೆ ಅನ್ನಿಸಿದ್ದು. ದುಃಖದಲ್ಲಿರುವವರಿಗೆ ಹೊತ್ತು ಉದ್ದವಾಗಿ ಕಾಣುತ್ತದೆ. ನನಗೆ ಅರ್ಥವಾಗುತ್ತದೆ" ಎಂದರು. ವಿಚಾರಣೆ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಕೊನೆಯವನು ವಾಮನ. ಉಡುಪರು ಹೆಗಲಿಗೆ ತೂಗುಹಾಕಿದ್ದ ಧ್ವನಿಮುದ್ರಣದ ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದರು.

"ಕರೆ ಮಾಡಿದ ಮೇಲೆ ನೀವು ಎಷ್ಟು ಹೊತ್ತು ಕಾದಿರಿ? ಗಟ್ಟಿಯಾಗಿ ಹೇಳಿ, ದಾಖಲಾಗಬೇಕು."

"ಒಂಬತ್ತು ನಿಮಿಷ" ಎಂದ ವಾಮನ.

ಊರವರು ತಲೆಯೆತ್ತಿ ಅವನನ್ನು ನೋಡಿದರು. ಉಡುಪರೂ ಬೆರಗಾದರು. "ಹಾಗಾದರೆ ನಿಮ್ಮ ದೂರೇನು?"

"ದೂರ್ ಎಂತದೂ ಇಲ್ಲ ಅಮ್ಮ. ವಿಚಾರಣೆ ಮುಗಿತಲ್ದಾ? ವಿಮಾನ ಕರೀನಿ. ನಿಮ್ ಒಟ್ಟಿಗೆ ನಾವೂ ಕೂಕಂತೊ."

ಉಡುಪರು ಗುಂಡಿ ಒತ್ತಿದರು. ಒಂಬತ್ತು ನಿಮಿಷ ಎಂದಿತು ಈರಣ್ಣನ ದನಿ. ಉಡುಪರು ಆ ಕಲ್ಲುಬೆಂಚಿನ ಮೇಲೆ ಕುಳಿತರು. ಊರವರು ನೆಲದ ಮೇಲೆ ಕುಳಿತರು, ಗಂಡಸರು, ಹೆಂಗಸರು, ಎಲ್ಲರೂ.

ಫಾಲ್ಗುಣದ ಬಿಸಿಲು ತಗಡನ್ನು ಕಾಯಿಸಿತು. ಉಡುಪರು ಮೊದಲು ಕೈಗಡಿಯಾರ ನೋಡಿದರು, ಆಮೇಲೆ ಅದನ್ನು ಅಲುಗಾಡಿಸಿ ನೋಡಿದರು. ಅವರ ಬದುಕಿನಲ್ಲಿ ವಿಮಾನಕ್ಕಾಗಿ ಹೊರಗೆ ಕಾದದ್ದು ಅದೇ ಮೊದಲು. ಕೋಣೆಯಲ್ಲಿ ಕಾಯುವುದು, ಕುರ್ಚಿಯಲ್ಲಿ ಕೂರುವುದು, ಇಳಿಯುವುದು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಒಂದು ಗಂಟೆಯ ಮೇಲೆ ಎದ್ದು ಗುಂಡಿ ಒತ್ತಿದರು.

"ಏಳು ನಿಮಿಷ ಅದರಿ."

"ಏನ್ರೀ ಏಳು ನಿಮಿಷ? ನಾನು ಆಯೋಗದ ಅಧ್ಯಕ್ಷೆ ಮಾತಾಡ್ತಿರೋದು!"

"ಹೌದ್ರಿ ಮೇಡಮ್ಮರ. ಏಳು ನಿಮಿಷ."

ಕುಡಿಯಲು ನೀರು ಕೇಳಿದರು. ಭಾಸ್ಕರನ ಹೆಂಡತಿ ತಂಬಿಗೆ ತಂದುಕೊಟ್ಟಳು. ಬಾಯಾರಿದವರಿಗೆ ನೀರು ಇಲ್ಲವೆನ್ನುವಷ್ಟು ಊರು ಕೆಟ್ಟಿರಲಿಲ್ಲ. ಎರಡು ಗಂಟೆಯಾಗುವಾಗ ಅವರ ಮುಖ ಕೆಂಪೇರಿತ್ತು. ಮತ್ತೆ ಗುಂಡಿ ಒತ್ತಿದಾಗ ಈರಣ್ಣ ಐದು ಎಂದ. ಅವರು ವಾಮನನತ್ತ ತಿರುಗಿದರು.

"ಇಲ್ಲಿ ದೋಣಿ ಇದೆಯಾ?"

"ಇತ್ತಮ್ಮ. ದೋಣಿಗೆ ಎರಡೂವರೆ ಗಂಟೆ ಹಿಡಿತ್ತ್. ವಿಮಾನಕ್ಕೆ ಐದೇ ನಿಮಿಷ." ವಾಮನ ಹಲಗೆಯತ್ತ ಕೈ ತೋರಿಸಿದ. "ನೀವ್ ಓದಿದವ್ರ್. ಯಾವ್ದ್ ಆಯ್ಕಣ್ತ್ರಿ, ಹೇಳಿ ಕಾಂಬ."

ಉಡುಪರು ಆಕಾಶ ನೋಡಿದರು, ಕಡಲು ನೋಡಿದರು, ಹಲಗೆ ನೋಡಿದರು. "ಇಷ್ಟು ಹೊತ್ತು ಕಾದಾಗಿದೆ" ಎಂದರು. "ಈಗ ಬಂದುಬಿಡುತ್ತದೆ."

ಊರವರೊಳಗಿಂದ ಒಂದು ಶಬ್ದ ಎದ್ದಿತು. ಅದು ನಗೆಯಲ್ಲ, ಅಳುವೂ ಅಲ್ಲ. ಒಂದು ಊರು ಒಟ್ಟಿಗೆ ಉಸಿರು ಬಿಟ್ಟ ಶಬ್ದ.

"ನಮ್ಗೂ ಹಾಂಗೇ ಕಂಡಿತ್ತ್" ಎಂದ ವಾಮನ. "ನೀವ್ ಕೂಕಂಡದ್ದ್ ಅವ್ಳ ತಲೆ ಇದ್ದ ಜಾಗ."

ಉಡುಪರು ಥಟ್ಟನೆ ಎದ್ದು ನಿಂತರು. ಮತ್ತೆ ಆ ಬೆಂಚಿನ ಮೇಲೆ ಅವರು ಕೂರಲಿಲ್ಲ.

ಐತಾಳರು ಅಲ್ಲಿಯವರೆಗೆ ಮಾಡಿನ ಅಂಚಿನಲ್ಲಿ ನಿಂತಿದ್ದರು. ಈಗ ಬಂದು ವಾಮನನ ಮುಂದೆ ನಿಂತರು. "ವಾಮನಣ್ಣ, ನನ್ನನ್ನ ದೋಣೀಲಿ ಕರ್ಕೊಂಡು ಹೋಗ್ತೀರಾ?"

"ಎಂತಕೆ? ನಿಮ್ಮದೇ ಪೆಟ್ಟಿಗೆ ಬತ್ತಾ ಇತ್ತಲೆ."

"ಅದ್ರೊಳ್ಗೆ ಕೂಕಂಡ್ರೆ ನಂಗೂ ಒಂಬತ್ತೇ ನಿಮಿಷ ಅನ್ನಿಸ್ತ್" ಎಂದರು ಐತಾಳರು. ಎಷ್ಟೋ ವರ್ಷಗಳಿಂದ ಆಡದಿದ್ದ ಊರಿನ ಮಾತು ಅವರ ಬಾಯಿಗೆ ತಾನಾಗಿ ಬಂದಿತ್ತು. "ನಂಗೆ ಹಾಂಗೆ ಅನ್ನಿಸ್ಬಾರ್ದ್."

ಭಾಸ್ಕರ ಯಂತ್ರ ಹಚ್ಚಿದ. ದೋಣಿಯ ನಡುಹಲಗೆಯ ಮೇಲೆ ಚಾಪೆ ಹಾಸಿತ್ತು. ಐತಾಳರು ಅದರ ಮೇಲೆ ಕೂರಲು ಹೋದರು.

"ಅಲ್ಲಿ ಬ್ಯಾಡ" ಎಂದ ವಾಮನ. "ಅದ್ ಆ ದಿನ ಅವ್ಳಿಗೆ ಹಾಸದ್ದ್."

ಐತಾಳರು ಹಿಂದಿನ ತುದಿಗೆ ಹೋಗಿ ಬಲೆಯ ರಾಶಿಯ ಮೇಲೆ ಕುಳಿತರು. ದಾರಿಯ ಮೂರರಲ್ಲೊಂದು ಭಾಗ ದಾಟಿದಾಗ ವಿಮಾನ ಅವರ ತಲೆಯ ಮೇಲೆ ಕಂಡಿತು. ಇನ್ನೂ ಪಾರೆಕುದ್ರುವಿನ ಕಡೆಗೇ ಹೋಗುತ್ತಿತ್ತು. ಅದರ ನೆರಳು ನೀರಿನ ಮೇಲೆ ತೆವಳುತ್ತಿತ್ತು, ಒಂದು ಕಡಲಹಕ್ಕಿ ಅದರ ಬೆನ್ನ ಮೇಲೆ ಕುಳಿತು ಗರಿ ತೀಡಿಕೊಳ್ಳುತ್ತಿತ್ತು. ಐತಾಳರು ಅದನ್ನು ನೋಡಿ ಮುಖ ಮುಚ್ಚಿಕೊಂಡರು.

"ನಾನ್ ಮೀನಿಗೆ ಅಂತ ಮಾಡದ್ದ್, ವಾಮನಣ್ಣ."

"ಗೊತ್ತಿತ್ತ್."

"ಅವ್ರ್ ಹೀಂಗ್ ಮಾಡ್ತ್ರ್ ಅಂತ ನಂಗ್ ಗೊತ್ತಿರ್ಲಿಲ್ಲ."

"ಕೇಳೂಕೆ ಹೋಯ್ಲಿಲ್ಲ ನೀವ್" ಎಂದ ವಾಮನ.

ಎರಡೂವರೆ ಗಂಟೆಗೆ ಸರಿಯಾಗಿ ದೋಣಿ ದಡ ಮುಟ್ಟಿತು. ವಾಮನ ಒದ್ದೆ ಪಂಚೆಯಲ್ಲೇ ಆಸ್ಪತ್ರೆಗೆ ನಡೆದ. ಬಾಗಿಲಿನಲ್ಲೇ ಒಬ್ಬ ಎಳೆಯ ಡಾಕ್ಟರು ಎದ್ದು ಬಂದ. "ರೋಗಿ ಎಲ್ಲಿ, ಅಜ್ಜ?"

"ಕಡಲ ಹಾವಿಗೆ ಮದ್ದಿತ್ತಾ ಇಲ್ಲಿ?"

"ಇದೆ. ಯಾರಿಗೆ ಕಚ್ಚಿದೆ?"

"ತೋರ್ಸಿ ಕಾಂಬ."

ಡಾಕ್ಟರು ಅವನ ಮುಖ ನೋಡಿ ಏನನ್ನೂ ಕೇಳದೆ ಫ್ರಿಜ್ಜು ತೆರೆದ. ಅದು ಪಾರೆಕುದ್ರುವಿನ ನರ್ಸಮ್ಮನ ಹಳೆಯ ಫ್ರಿಜ್ಜು. ಅದರ ಬಾಗಿಲಿಗೆ ಸುಲೋಚನೆ ಒಮ್ಮೆ ಅಂಟಿಸಿದ್ದ ಅಮ್ಮನವರ ಚಿತ್ರ ಹಾಗೇ ಇತ್ತು. ಒಳಗೆ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿದ್ದವು. ವಾಮನ ಚಿತ್ರಕ್ಕೆ ಕೈಮುಗಿದ. ಬಾಟಲಿಗಳನ್ನು ಮುಟ್ಟಲಿಲ್ಲ.

ಅಲ್ಲಿಂದ ಐತಾಳರ ಜೊತೆ ನಿಯಂತ್ರಣ ಕೊಠಡಿಗೆ ಹೋದ. ಕನ್ನಡಕದ ಒಬ್ಬ ಸಣಕಲು ಮನುಷ್ಯ ಪರದೆಯ ಮುಂದೆ ಕುಳಿತಿದ್ದ. ಉಡುಪರನ್ನು ಹತ್ತಿಸಿಕೊಂಡ ವಿಮಾನ ಪಾರೆಕುದ್ರುವಿನಿಂದ ಹೊರಟಾಗಿತ್ತು. ಪರದೆಯ ಮೇಲೆ ಏಳು ಎಂದಿತ್ತು.

"ನಾನ್ ವಾಮನ" ಎಂದ ಹಿಂದಿನಿಂದ. ಆ ದನಿ ಕೇಳಿ ಈರಣ್ಣ ಕುರ್ಚಿ ಬೀಳುವ ಹಾಗೆ ಎದ್ದ. ಅವನ ಕಣ್ಣು ತುಂಬಿತು.

"ಅಜ್ಜಾರ… ನಾ ಸುಳ್ಳು ಹೇಳಿಲ್ರಿ. ಪರದೀ ಮ್ಯಾಲೆ ಇದ್ದದ್ದನ್ನ ಹೇಳೀನಿ. ದೇವರಾಣಿ."

"ಹೌದ್. ನೀನ್ ಸುಳ್ಳು ಹೇಳಿಲ್ಲ" ಎಂದ ವಾಮನ. "ಸುಳ್ಳು ಹೇಳಿದ್ರೆ ಕ್ಷಮಿಸ್ತಿದ್ದೆ. ಮನುಷ್ಯ ಸುಳ್ಳು ಹೇಳ್ತಾ. ನೀನ್ ಚುಕ್ಕಿ ಕಂಡಿದ್ದೆ. ಚುಕ್ಕಿ ಎಲ್ಲಿತ್ತಂತ ನಿಂಗ್ ಗೊತ್ತಿತ್ತ್. ಒಂದ್ ಮಾತ್, 'ಅಜ್ಜ, ದೋಣಿ ತೆಗಿ' ಅಂದಿದ್ರೆ ಸಾಕಿತ್ತಲ್ದಾ?"

"ಕೆಲಸ ಹೋಗ್ತಿತ್ರಿ ಅಜ್ಜಾರ. ಮಕ್ಕಳದಾರ್ರೀ."

"ನಂಗೂ ಇದ್ಲ್."

ಈರಣ್ಣ ತಲೆ ತಗ್ಗಿಸಿದ. ವಾಮನ ಅವನನ್ನು ಹೊಡೆಯಲಿಲ್ಲ, ಹರಸಲೂ ಇಲ್ಲ. ಹೊರಗೆ ಹೋಗಿ ವಿಮಾನ ಇಳಿಯುವ ಅಂಗಳದ ಅಂಚಿನಲ್ಲಿ ಬಿಸಿಲಿನಲ್ಲೇ ನಿಂತ. ತಂಪಾದ ಕಾಯುವ ಕೋಣೆಯ ಬಾಗಿಲು ತೆರೆದು ಸಿಪಾಯಿಯೊಬ್ಬ ಕರೆದ. "ಒಳಗೆ ಬನ್ನಿ ಅಜ್ಜ, ಹೊತ್ತು ಹೋದದ್ದೇ ಗೊತ್ತಾಗೋದಿಲ್ಲ."

"ನಂಗ್ ಗೊತ್ತಾಗ್ಬೇಕ್" ಎಂದ ವಾಮನ.

ಐತಾಳರೂ ಅವನ ಪಕ್ಕದಲ್ಲಿ ನಿಂತರು. ಸೂರ್ಯ ಪಡುವಣಕ್ಕೆ ಜಾರಿದ. ಇಬ್ಬರ ನೆರಳುಗಳೂ ಅಂಗಳದ ಉದ್ದಕ್ಕೆ ಚಾಚಿದವು. ಆ ಹೊತ್ತಿಗೆ ವಿಮಾನ ಇಳಿಯಿತು.

ಬಾಗಿಲು ತೆರೆದು ಸುಹಾಸಿನಿ ಉಡುಪರು ಹೊರಗೆ ಕಾಲಿಟ್ಟರು. ಒಂಬತ್ತು ನಿಮಿಷದ ಹಿಂದೆ ಅವರು ಪಾರೆಕುದ್ರುವಿನ ನಡುಹಗಲಿನಲ್ಲಿದ್ದರು. ಬೆವರು ಇನ್ನೂ ಆರಿರಲಿಲ್ಲ. ಎದುರಿಗೆ ಇಳಿಬಿಸಿಲು, ಆ ಬಿಸಿಲಿನಲ್ಲಿ ವಾಮನ. ಅವನ ಪಂಚೆ ಒಣಗಿ ಅದರ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು.

"ನೀವು… ದೋಣಿಯಲ್ಲಿ ಬಂದವರು ಯಾವಾಗ ತಲುಪಿದಿರಿ?"

"ಆಸ್ಪತ್ರೆಗೆ ಹೋಯ್ ಬಂದೆ" ಎಂದ ವಾಮನ. "ಮದ್ದ್ ಕಂಡ್ ಬಂದೆ. ಆಮೇಲೆ ಇಲ್ಲಿ ನಿತ್ಕಂಡೆ. ಅಮ್ಮ, ಬೆಳಿಗ್ಗೆ ನೀವ್ ನನ್ನತ್ರ ಒಂದ್ ಪ್ರಶ್ನೆ ಕೇಳಿದ್ರಿ. ಈಗ ನಾನ್ ಕೇಳ್ತೆ. ಪಾರೆಕುದ್ರುವಿನ ಬೆಂಚಿನಲ್ಲಿ ನೀವ್ ಎಷ್ಟ್ ಹೊತ್ತು ಕಾದ್ರಿ?"

ಉಡುಪರ ಕೈ ಅಭ್ಯಾಸದಂತೆ ಗಡಿಯಾರದ ಕಡೆಗೆ ಹೋಯಿತು. ಅರ್ಧದಲ್ಲಿ ನಿಂತಿತು. ಸಂಸ್ಥೆಯ ಅಧಿಕಾರಿಗಳಿಬ್ಬರು ಹೂಗುಚ್ಛ ಹಿಡಿದು ಕಾಯುವ ಕೋಣೆಯಿಂದ ನಗುತ್ತ ಹೊರಗೆ ಬರುತ್ತಿದ್ದರು. ಉಡುಪರು ಅವರನ್ನು ನೋಡಿದರು, ಮುಳುಗಲಿದ್ದ ಸೂರ್ಯನನ್ನು ನೋಡಿದರು. ಹೆಗಲಿನ ಧ್ವನಿಮುದ್ರಣದ ಪೆಟ್ಟಿಗೆಯನ್ನು ಬಾಯಿಯ ಹತ್ತಿರ ತಂದರು.

"ನಾಲ್ಕು ಗಂಟೆ" ಎಂದರು.

ಹೂಗುಚ್ಛದವರು ನಿಂತಲ್ಲೇ ನಿಂತರು. ವಾಮನ ಎರಡು ಹೆಜ್ಜೆ ಮುಂದೆ ಬಂದ. ಮಗಳು ತೀರಿದ ದಿನದಿಂದ ಒಂದು ಹನಿ ನೀರೂ ಬಾರದಿದ್ದ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೆ ದನಿಯಲ್ಲಿ ಅಳು ಇರಲಿಲ್ಲ.

"ಇನ್ನೊಂದ್ ಸಲ ಹೇಳಿ ಅಮ್ಮ. ಗಟ್ಟಿಯಾಗಿ ಹೇಳಿ. ನಾನ್ ಅವ್ಳಿಗೆ ಐದು ನಿಮಿಷ, ಮೂರು ನಿಮಿಷ ಅಂತ ಹೇಳಿ ಕಳ್ಸಿದ್ದೆ. ನನ್ ಮಗಳಿಗೆ ಕೇಳ್ಬೇಕ್."